ಓದಿನ ಬೊಗಸೆ

ಹಟಮಾರಿ ಮೂರನೆಯ ಗಂಡನ್ನೂ ಒಲ್ಲೆ ಎಂದ ದಿನ ಸೀಗಡಿ ಶೆಡ್ಡಿನ ಹೆಂಗಸರು ಕೈಗೆ ಸಿಕ್ಕಿದ್ದರಿಂದ ಸ್ಟೀಲ್ ಟೇಬಲ್ ಬಡಿದರು. ಬೋಗುಣಿ ಸಿಕ್ಕಿದವಳು ಬೋಗುಣಿಯಿಂದ, ಏನೂ ಸಿಗದವಳು ಮುಷ್ಟಿಯಿಂದ. ಐಸಿನ ಚೂರುಗಳು ಎಗರಿ ನೆಲಕ್ಕೆ ಬಿದ್ದವು.

"ಹಾಗೆ ಹೇಳು ನನ್ನ ಕಂದಾ!" ಎಂದು ಗರಗಸಜ್ಜಿ ಕೂಗಿದಳು, ಹಟಮಾರಿ ಎದುರಿಗೇ ನಿಂತಿದ್ದಾಳೋ ಎಂಬಂತೆ.

ಹಟಮಾರಿ ಇದ್ದದ್ದು ಒಂದು ಹಳೆಯ ಕಾದಂಬರಿಯೊಳಗೆ. ಪ್ಯಾಕಿಂಗಿಗೆ ಬಂದ ರದ್ದಿಯಲ್ಲಿ ಸಿಕ್ಕಿದ ಪುಸ್ತಕ ಅದು. ರಟ್ಟು ಇಲ್ಲ, ಹೆಸರಿನ ಪುಟ ಇಲ್ಲ. ಬರೆದವನ ಚಿತ್ರವೊಂದು ಉಳಿದಿತ್ತು. ಎದೆಯವರೆಗೆ ಗಡ್ಡ. ಯಾವುದೋ ದೇಶದಿಂದ ಯಾವುದೋ ಕಾಲದಲ್ಲಿ ಅನುವಾದವಾಗಿ ಬಂದಿದ್ದ ಕಥೆಯ ನಾಯಕಿಗೆ ನಾಲಿಗೆ ಹೊರಳದ ಉದ್ದನೆಯ ಹೆಸರಿತ್ತು. ಹೆಂಗಸರು ಮೊದಲ ಅಧ್ಯಾಯದಲ್ಲೇ ಅದನ್ನು ಕಿತ್ತೆಸೆದು ಹಟಮಾರಿ ಎಂದು ಇಟ್ಟರು. ಹಟಮಾರಿ ಮೊದಲು ನ್ಯಾಯಾಧೀಶನನ್ನು ಬೇಡವೆಂದಳು. ಆಮೇಲೆ ಸೋದರಮಾವನ ಮಗನಾದ ದಂಡಿನ ಅಧಿಕಾರಿಯನ್ನು. ಈಗ ಮರದ ವ್ಯಾಪಾರಿಯನ್ನು. ಮನೆಯವರು ಹೊರಗೆ ಹಾಕಿದರು. ಊರಿನ ಹೆಂಗಸರು ಮಾತು ಬಿಟ್ಟರು. ಅವಳು ಬಾಡಿಗೆ ಕೋಣೆ ಹಿಡಿದು ಗಡಿಯಾರ ರಿಪೇರಿ ಮಾಡಿ ಬದುಕಿದಳು. ಸೀಗಡಿ ಸುಲಿಯುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಆ ವರ್ಷ ಯಾವುದೂ ಇರಲಿಲ್ಲ.

ಓದುತ್ತಿದ್ದವಳನ್ನು ಗಿಳಿ ಎನ್ನುತ್ತಿದ್ದರು. ಕಂಠ ಚೆನ್ನಾಗಿತ್ತು, ಅಕ್ಷರ ಚುರುಕಾಗಿತ್ತು. ತಲೆಕೆಳಗಾಗಿ ಮಗುಚಿದ ಕ್ರೇಟಿನ ಮೇಲೆ ಕೂತು ಅವಳು ಓದುತ್ತಿದ್ದಳು. ಇಡೀ ಶೆಡ್ಡಿನಲ್ಲಿ ಕೂರಬಹುದಾದ ಜಾಗ ಅದೊಂದೇ. ಕೂತರೆ ನಿದ್ದೆ ಬರುತ್ತದೆಂದು ಮಾಲೀಕ ಬೆಂಚುಗಳನ್ನೆಲ್ಲ ತೆಗೆಸಿದ್ದ.

ಕೆಲಸ ಹೀಗೆ. ಬೆಳಿಗ್ಗೆ ಕ್ರೇಟು ಬರುತ್ತದೆ. ಐಸು, ಸೀಗಡಿ, ಐಸು, ಸೀಗಡಿ. ತಲೆ ಚಿವುಟು. ಸಿಪ್ಪೆ ಬಿಡಿಸು. ಬೆನ್ನು ಸೀಳಿ ಕಪ್ಪು ನರ ಎಳೆ. ಟಬ್ಬಿಗೆ ಹಾಕು. ಮತ್ತೊಂದು. ಸೀಗಡಿಯ ನೆತ್ತಿಯ ಮುಳ್ಳು ಉಗುರಿನ ಬುಡಕ್ಕೆ ನಾಟುತ್ತದೆ. ಉಪ್ಪುನೀರು ಆ ತೂತಿನೊಳಗೆ ಮನೆ ಮಾಡುತ್ತದೆ. ಬೆರಳಿನ ಚರ್ಮ ಬೆಂದಂತೆ ಬಿಳಿಚಿ ಪದರು ಪದರಾಗಿ ಏಳುತ್ತದೆ. ಅಲ್ಲಿ ಯಾರು ಯಾರನ್ನು ಸುಲಿಯುತ್ತಿದ್ದಾರೆಂದು ಹೇಳುವುದು ಕಷ್ಟ. ಸಂಜೆ ಬಸ್ಸು ಹತ್ತಿದರೆ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾರೆ. "ಸೀಟು ಸಿಗೋ ಉಪಾಯ ಇದು, ಯಾರಿಗೂ ಹೇಳ್ಬೇಡಿ ಮತ್ತೆ" ಎನ್ನುತ್ತಿದ್ದಳು ಗರಗಸಜ್ಜಿ. ಅವಳ ನಾಲಿಗೆಯಿಂದಲೇ ಅವಳಿಗೆ ಆ ಹೆಸರು ಬಂದಿತ್ತು. ಹಲ್ಲು ಹೋಗಿತ್ತು, ಗರಗಸ ಹೋಗಿರಲಿಲ್ಲ.

ಓದುವವಳು ಸುಲಿಯುವಂತಿಲ್ಲ. ಒದ್ದೆ ಕೈಯಲ್ಲಿ ಪುಸ್ತಕ ಮುಟ್ಟಿದರೆ ಹಾಳೆ ಕೊಳೆಯುತ್ತದೆ. ಸುಲಿಯದಿದ್ದರೆ ತೂಕವಿಲ್ಲ, ತೂಕವಿಲ್ಲದಿದ್ದರೆ ಕೂಲಿಯಿಲ್ಲ. ಅದಕ್ಕೆ ಹೆಂಗಸರೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಂದು ಅಧ್ಯಾಯ ಮುಗಿದರೆ ಪ್ರತಿಯೊಬ್ಬಳೂ ತಾನು ಸುಲಿದದ್ದರಲ್ಲಿ ಒಂದು ಬೊಗಸೆ ಎತ್ತಿ ಓದಿದವಳ ಟಬ್ಬಿಗೆ ಹಾಕಬೇಕು. ಅದು ಓದಿನ ಬೊಗಸೆ. ಓದು ಹಿಡಿಸದಿದ್ದರೆ ಹಾಕಿದ್ದನ್ನು ವಾಪಸು ತೆಗೆಯಬಹುದು. ಗಿಳಿಗಿಂತ ಮೊದಲು ಓದುತ್ತಿದ್ದವಳು ನಾಚಿಕೊಂಡು ಮುತ್ತಿನ ಪುಟ ಹಾರಿಸಿದಳೆಂದು ಗರಗಸಜ್ಜಿ ತನ್ನ ಬೊಗಸೆಯನ್ನು ಎಲ್ಲರೆದುರು ವಾಪಸು ತೆಗೆದಿದ್ದಳು. "ನನ್ನ ಬೆರಳು ಕೊಳೆಸಿಕೊಂಡು ಕೊಟ್ಟಿದೀನಿ. ಮುತ್ತು ಎಲ್ಲಿ?"

ಮಾಲೀಕ ಇದನ್ನು ನಡೆಯಲು ಬಿಟ್ಟಿದ್ದ. ಕಥೆ ಕೇಳುವ ಹೆಂಗಸು ಹರಟುವುದಿಲ್ಲ, ಕೈ ಬೇಗ ಓಡುತ್ತದೆ. ಅಷ್ಟು ಲೆಕ್ಕ ಅವನಿಗೆ ಗೊತ್ತಿತ್ತು.

ಆ ದಿನ ಟೇಬಲ್ ಬಡಿಯದೆ ನಿಂತವನು ಮೇಸ್ತ್ರಿ ಒಬ್ಬನೇ. ತಕ್ಕಡಿಯ ಪಕ್ಕ ನಿಂತು ಗಿಳಿಯ ಕೈ ನೋಡುತ್ತಿದ್ದ.

ಮೇಸ್ತ್ರಿಯ ಹೆಂಡತಿ ಇದೇ ಶೆಡ್ಡಿನಲ್ಲಿ, ಗಿಳಿಯ ಎದುರಿನ ಟೇಬಲ್ಲಿನಲ್ಲಿ ಸುಲಿಯುತ್ತಿದ್ದಳು. ಮೇಸ್ತ್ರಿಗೆ ತಾನು ಯಾರಿಗೂ ಪಕ್ಷಪಾತ ಮಾಡುವುದಿಲ್ಲ ಎಂದು ತೋರಿಸುವ ಚಟ. ಅದನ್ನು ಹೆಂಡತಿಯ ಟಬ್ಬಿನಲ್ಲೇ ತೋರಿಸುತ್ತಿದ್ದ. ತೂಕಕ್ಕೆ ಬಂದ ಅವಳ ಟಬ್ಬನ್ನು ಎಲ್ಲರೆದುರು ಕೆದಕಿ, ಒಂದು ಸಿಪ್ಪೆ ಹುಡುಕಿ, "ಗಲೀಜು" ಎಂದು ಅರ್ಧ ನೆಲಕ್ಕೆ ಸುರಿಯುತ್ತಿದ್ದ. "ನೋಡಿ, ಹೆಂಡತಿ ಆದರೂ ಬಿಡಲ್ಲ ನಾನು." ಅವಳು ಬಗ್ಗಿ ಆರಿಸಿಕೊಳ್ಳುತ್ತಿದ್ದಳು. ಬಟ್ಟೆ ಸುತ್ತಿದ ಬೆರಳು. ಹೊಟ್ಟೆಯಲ್ಲಿ ಮಗು ಇದ್ದಾಗಲೂ ಬಗ್ಗಿದಳು. ಹೋದ ಚಳಿಗಾಲದಲ್ಲಿ ಬೆರಳಿನ ಕೀವು ತೋಳಿಗೇರಿತು, ಜ್ವರ ನೆತ್ತಿಗೇರಿತು. ರಜೆ ಕೇಳಿದರೆ ಮೇಸ್ತ್ರಿ ಅಂದದ್ದು, "ನಿನಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ." ಐಸು ಕೋಣೆಯ ಬಾಗಿಲಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಅವಳ ಬಗ್ಗೆ ಶೆಡ್ಡಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ತಕ್ಕಡಿ ಮೇಸ್ತ್ರಿಯ ಕೈಯಲ್ಲಿತ್ತು.

ಈಗ ಮೇಸ್ತ್ರಿಗೆ ಇನ್ನೊಂದು ಹೆಂಡತಿ ಬೇಕಿತ್ತು. ಅವನು ಗಿಳಿಯನ್ನು ಕೇಳಲಿಲ್ಲ. ಐಸು ಹೊರುವ ಅವಳ ಅಣ್ಣನನ್ನು ಕೇಳಿದ. ಜೊತೆಗೆ, ಐಸು ಹೊರುವುದು ಬಿಟ್ಟು ಲಾರಿಯ ಸ್ಟೀರಿಂಗ್ ಹಿಡಿಯುವ ಆಸೆ ಇದೆಯಾ ಎಂದೂ ಕೇಳಿದ.

ಅಣ್ಣ ಮನೆಗೆ ಬಂದವನೇ ತಂಗಿಗೆ ಟೀ ಮಾಡಿಕೊಟ್ಟ. ಹುಟ್ಟಿದ ಮೇಲೆ ಮೊದಲ ಸಲ.

"ಆಗಲ್ಲ" ಎಂದಳು ವಿಷಯ ಕೇಳಿ. ಆದರೆ ಎಷ್ಟು ಮೆತ್ತಗೆ ಎಂದರೆ ಲೋಟಕ್ಕೆ ಹೇಳಿದಂತಿತ್ತು.

"ಏನಂದೆ?" ಎಂದ ಅಣ್ಣ.

ಅವಳು ಲೋಟ ಎತ್ತಿ ಟೀ ಕುಡಿದಳು.

"ಏನು ಕೊರತೆ ಕಣೇ ಆತನಿಗೆ?" ಅಮ್ಮ ಶುರು ಮಾಡಿದಳು. "ಕುಡಿಯಲ್ಲ. ಕೂಗಾಡಲ್ಲ. ಕೆಲಸ ಇದೆ. ನಿನ್ನ ವಯಸ್ಸಿಗೆ ನಾನು ಇಬ್ಬರನ್ನ ಹೆತ್ತಿದ್ದೆ."

"ಅವನ ಹೆಂಡತಿ ಹೇಗೆ ಸತ್ತಳು ಗೊತ್ತಾ ಅಮ್ಮಾ?"

"ಜ್ವರ ಬಂದು ಸತ್ತಳು. ಜ್ವರ ಯಾರಿಗೆ ಬರಲ್ಲ?"

ಅತ್ತಿಗೆ ಮಗುವಿನ ಬಟ್ಟೆ ಮಡಚುತ್ತಾ ನಕ್ಕಳು. "ಇದೆಲ್ಲ ಆ ಪುಸ್ತಕದ ಮಹಿಮೆ ಅತ್ತೆ. ಊರಿನ ಗಂಡಸರನ್ನೆಲ್ಲ ಬೇಡ ಅನ್ನೋ ಹುಡುಗಿ ಕಥೆಯಂತೆ. ಇವಳು ತಾನೇ ಅವಳು ಅಂದುಕೊಂಡಿದಾಳೆ."

"ಹಾಗಿದ್ರೆ ಕೇಳು" ಎಂದ ಅಣ್ಣ. ಟೀ ಮಾಡಿದ ದನಿ ಹೋಗಿತ್ತು. "ಬೇಡ ಅಂದ ದಿನ ಈ ಹೊಸ್ತಿಲು ತುಳೀಬೇಡ. ನಿನ್ನ ಹಟಕ್ಕೆ ನಾನು ಸಾಯೋವರೆಗೆ ಐಸು ಹೊರೋಕೆ ಆಗಲ್ಲ."

ರಜೆಯ ದಿನ ಮೇಸ್ತ್ರಿ ಬಂದ. ಇಸ್ತ್ರಿ ಹಾಕಿದ ಅಂಗಿ. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತ. ಗಿಳಿ ಗೋಡೆಗೆ ಒರಗಿ ನಿಂತಿದ್ದಳು.

"ಕೈ ತೋರಿಸು" ಎಂದ.

ಅಮ್ಮ ಹಿಂದಿನಿಂದ ತಿವಿದಳು. ಗಿಳಿ ಕೈ ಚಾಚಿದಳು.

ಮೇಸ್ತ್ರಿ ಅಂಗೈ ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಒತ್ತಿದ. ಒತ್ತಿ ಬಿಟ್ಟು ಮಾಂಸ ಮೇಲೇಳುವುದನ್ನು ನೋಡಿದ. ಸೀಗಡಿ ತಾಜಾ ಇದೆಯೋ ಹಳಸಿದೆಯೋ ಎಂದು ಅವನು ನೋಡುತ್ತಿದ್ದದ್ದು ಹೀಗೇ. ಅದು ಗಿಳಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. ಅಣ್ಣ ಕಿಟಕಿಯ ಕಡೆ ತಿರುಗಿದ.

"ಒಣಗಿದ ಕೈ" ಎಂದ ಮೇಸ್ತ್ರಿ, ಮಾಲು ಪಾಸಾದ ದನಿಯಲ್ಲಿ. "ಹಿಂದಿನವಳ ಕೈ ಮುಟ್ಟೋಕೆ ಆಗ್ತಿರಲಿಲ್ಲ. ಪಕ್ಕದಲ್ಲಿ ಮಲಗಿದರೆ ಕೀವಿನ ನಾತ. ಇವಳದು ಮನೆಗೆ ತಕ್ಕ ಕೈ."

ಅಮ್ಮ ನಕ್ಕಳು. ನಗಬೇಕಾದ ಜಾಗ ಎಂದುಕೊಂಡಳು.

"ಆ ಪುಸ್ತಕ ನಾನೂ ನೋಡಿದೆ" ಎಂದ ಮೇಸ್ತ್ರಿ ಎದ್ದು ನಿಂತು. "ಕಪಾಟಿನಲ್ಲಿ ಇಟ್ಟು ಹೋಗ್ತೀಯಲ್ಲ, ಕೊನೆ ಅಧ್ಯಾಯ ಓದಿದೆ. ಅವಳೂ ಕಡೆಗೆ ತಲೆ ಬಗ್ಗಿಸ್ತಾಳೆ. ನ್ಯಾಯಾಧೀಶನ ಕಾಲ ಹತ್ರ ಕೂತು ಅಳ್ತಾಳೆ. ಬರೆದವನು ತಿಳಿದವನು. ನಾಳೆ ಅದನ್ನ ಓದು. ಎಲ್ಲರೂ ಕೇಳಲಿ. ಓದಿ ಮುಗಿದ ಮೇಲೆ ನಮ್ಮ ವಿಷಯ ನಾನೇ ಹೇಳ್ತೀನಿ."

ಪುಸ್ತಕವನ್ನು ತಂದೇ ಇದ್ದ. ಅವಳ ಕೈಯಲ್ಲಿಟ್ಟು ಹೋದ.

ಬೆಳಕಿರುವಾಗಲೇ ಗಿಳಿ ಹಿತ್ತಲಿನ ನಲ್ಲಿಯ ಕಟ್ಟೆಯ ಮೇಲೆ ಕೂತು ಕೊನೆಯ ಅಧ್ಯಾಯ ತೆರೆದಳು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಹಟಮಾರಿಗೆ ಜ್ವರ ಬರುತ್ತದೆ. ಜ್ವರದಲ್ಲಿ ಜ್ಞಾನೋದಯವಾಗುತ್ತದೆ. ತಾನು ಮಾಡಿದ್ದೆಲ್ಲ ಅಹಂಕಾರ ಎಂದು ಹೊಳೆಯುತ್ತದೆ. ನ್ಯಾಯಾಧೀಶ ಬರುತ್ತಾನೆ, ಕ್ಷಮಿಸುತ್ತಾನೆ. ಅವನ ದೊಡ್ಡ ಬೆಚ್ಚನೆಯ ಕೈಯೊಳಗೆ ಅವಳು ತನ್ನ ಕೈ ಇಡುತ್ತಾಳೆ. ಕೋಣೆಯ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸುತ್ತವೆ.

ಗಿಳಿ ಪುಟ ಹಿಂದಕ್ಕೆ ತಿರುಗಿಸಿ ಗಡ್ಡದವನ ಮುಖ ನೋಡಿದಳು. ಇಷ್ಟು ದಪ್ಪ ಪುಸ್ತಕದುದ್ದಕ್ಕೂ ಅವಳನ್ನು ನಡೆಸಿಕೊಂಡು ಬಂದು, ಕೊನೆಯ ಪುಟದಲ್ಲಿ ಕಾಲಿಗೆ ಬೀಳಿಸಿದ್ದ. ಅವನೂ ಒಬ್ಬ ಮೇಸ್ತ್ರಿ. ಟಬ್ಬು ತುಂಬಿದ ಮೇಲೆ ಕೆದಕಿ, ಗಲೀಜು ಎಂದು ಸುರಿದುಬಿಟ್ಟ. ಅವಳು ಆ ಮುಖದ ಮೇಲೆ ಉಗಿದಳು. ಆಮೇಲೆ ಸೆರಗಿನಿಂದ ಒರೆಸಿದಳು. ಪುಸ್ತಕ ಹಾಳಾಗಬಾರದು ಎಂಬ ಅಭ್ಯಾಸ.

ಮರುದಿನ ಶೆಡ್ಡಿನಲ್ಲಿ ಎಲ್ಲರ ಕಿವಿಯೂ ನೆಟ್ಟಗಿತ್ತು. ಕೊನೆಯ ಅಧ್ಯಾಯವೆಂದು ತಿಳಿದು ಪ್ಯಾಕಿಂಗಿನವರೂ ಬಾಗಿಲಿಗೆ ಬಂದು ನಿಂತಿದ್ದರು. ಮೇಸ್ತ್ರಿ ತಕ್ಕಡಿ ಬಿಟ್ಟು ಕ್ರೇಟಿನ ಹತ್ತಿರವೇ ಬಂದ. ಅಂಗಿಗೆ ಇಸ್ತ್ರಿ ಹಾಕಿದ್ದ.

ಗಿಳಿ ಓದತೊಡಗಿದಳು. ಹಟಮಾರಿಗೆ ಜ್ವರ ಬಂತು. ಕೈಗಳು ನಿಧಾನವಾದವು. ನ್ಯಾಯಾಧೀಶ ಮೆಟ್ಟಿಲು ಹತ್ತಿ ಬಂದ. ಅಲ್ಲಿಗೆ ಗಿಳಿಯ ದನಿ ನಿಂತುಹೋಯಿತು.

"ಏನೇ, ಗಂಟಲಿಗೆ ಸಿಪ್ಪೆ ಸಿಕ್ಕಿತಾ?" ಎಂದಳು ಗರಗಸಜ್ಜಿ. "ಬಾಗಿಲಲ್ಲಿ ನಿಲ್ಲಿಸಿಬಿಟ್ಟೆಯಲ್ಲ ಅವನನ್ನ. ಒಳಗೆ ಕರಿ, ಇಲ್ಲ ಒದ್ದು ಓಡಿಸು."

ಗಿಳಿ ಪುಟದ ಮೇಲೆಯೇ ಕಣ್ಣಿಟ್ಟು, ಪುಟದಲ್ಲಿ ಇಲ್ಲದ್ದನ್ನು ಓದಿದಳು.

"ಅವನು ಕೈ ಚಾಚಿದ. ಹಟಮಾರಿ ಕೈ ಹಿಂದಕ್ಕೆ ಎಳೆದುಕೊಂಡಳು. ‘ನನಗೆ ಬಂದದ್ದು ಜ್ವರ, ಬುದ್ಧಿಭ್ರಮಣೆ ಅಲ್ಲ’ ಎಂದಳು. ‘ಬಾಗಿಲು ನೀವು ಬಂದ ಕಡೆಯೇ ಇದೆ.’ ಅವನು ಇಳಿದುಹೋದ ಸದ್ದು ಕೇಳಿಸಿತು. ಅವಳು ಎದ್ದು ಕೂತು, ಅರ್ಧಕ್ಕೆ ಬಿಟ್ಟಿದ್ದ ಗಡಿಯಾರವನ್ನು ಎತ್ತಿಕೊಂಡಳು. ಮುಗಿಯಿತು."

ಶೆಡ್ಡು ಸಿಡಿಯಿತು. ಬೋಗುಣಿ, ಮುಷ್ಟಿ, ಗಮ್‌ಬೂಟು. ಹೆಂಗಸರು ಸಾಲಾಗಿ ಬಂದು ಅವಳ ಟಬ್ಬಿಗೆ ಬೊಗಸೆ ಹಾಕಿದರು. ತುಂಬಿ ತುಳುಕುವ ಬೊಗಸೆಗಳು. ಗರಗಸಜ್ಜಿ ಕಣ್ಣೊರೆಸಿಕೊಳ್ಳಲು ಹೋಗಿ ಕಣ್ಣಿಗೆ ಉಪ್ಪು ತಗುಲಿ ಬೈದುಕೊಂಡಳು.

"ನಿಲ್ಲಿಸಿ" ಎಂದ ಮೇಸ್ತ್ರಿ.

ನಿಂತಿತು.

"ಅಲ್ಲಿ ಹಾಗೆ ಬರೆದಿಲ್ಲ. ನಾನು ಓದಿದೀನಿ. ಇವಳು ನಿಮಗೆ ಸುಳ್ಳು ಮಾರಿದಾಳೆ. ಬೇಕಾದ್ರೆ ಕೇಳಿ."

ಗರಗಸಜ್ಜಿ ಟೇಬಲ್ ಸುತ್ತಿಕೊಂಡು ಬಂದು ಕ್ರೇಟಿನೆದುರು ನಿಂತಳು. "ಹೌದೇನೇ?"

ಗಿಳಿ ಹೌದೆಂದು ತಲೆಯಾಡಿಸಿದಳು.

"ಓದು. ಇದ್ದದ್ದು ಇದ್ದ ಹಾಗೆ."

ಗಿಳಿ ಓದಿದಳು. ಜ್ಞಾನೋದಯ ಓದಿದಳು. ಅಹಂಕಾರ ಓದಿದಳು. ಕಾಲು, ಕಣ್ಣೀರು, ದೊಡ್ಡ ಬೆಚ್ಚನೆಯ ಕೈ, ಗಡಿಯಾರಗಳು. ಯಾರೂ ಸುಲಿಯಲಿಲ್ಲ.

ಗರಗಸಜ್ಜಿ ಬಗ್ಗಿ, ಗಿಳಿಯ ಟಬ್ಬಿನಿಂದ ತನ್ನ ಬೊಗಸೆಯನ್ನು ವಾಪಸು ತೆಗೆದಳು.

ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ತುಂಬಿದ ಟಬ್ಬಿನ ತಳ ಕಾಣತೊಡಗಿತು. ತಳದಲ್ಲಿ ಐಸು ಕರಗಿದ ಬೂದು ನೀರು ಉಳಿಯಿತು. ಗಿಳಿಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮೇಸ್ತ್ರಿ ನಕ್ಕ. "ನೋಡಿದಿರಾ? ಪುಸ್ತಕದವಳೂ ಕಡೆಗೆ ದಾರಿಗೆ ಬಂದಳು. ಇನ್ನೊಂದು ಸುದ್ದಿ ಹೇಳ್ತೀನಿ, ಕೇಳಿ. ಈ ಗಿಳಿಗೆ ನಾನು ಪಂಜರ ನೋಡಿದೀನಿ." ತನ್ನ ಮಾತಿಗೆ ತಾನೇ ಮತ್ತೊಮ್ಮೆ ನಕ್ಕ. "ಮುಂದಿನ ತಿಂಗಳು ಮದುವೆ. ಇವಳ ಅಣ್ಣ ಮಾತು ಕೊಟ್ಟಾಗಿದೆ."

ಐಸು ಹೊತ್ತು ಬಂದಿದ್ದ ಅಣ್ಣ ಬಾಗಿಲಲ್ಲೇ ನಿಂತಿದ್ದ. ಹೆಗಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಗರಗಸಜ್ಜಿ ಮೇಸ್ತ್ರಿಯನ್ನು ನೋಡಿದಳು. ಗಿಳಿಯನ್ನು ನೋಡಿದಳು. ಎರಡೂ ಕಥೆ ಅವಳಿಗೆ ಒಟ್ಟಿಗೇ ಅರ್ಥವಾಯಿತು.

"ಓಹೋ" ಎಂದಳು. "ಅದಕ್ಕೇ ಸುಳ್ಳು ಓದಿದೆಯಾ? ಆ ಗಡ್ಡದವನ ಬರಹಕ್ಕೆ ನನ್ನ ಬೊಗಸೆ ಇಲ್ಲ. ನಿನ್ನ ಸುಳ್ಳಿಗೂ ಇಲ್ಲ. ಸತ್ತ ಕಾಗದದೊಳಗಿನ ಹುಡುಗಿ ಕೈಲಿ ಬೇಡ ಅನ್ನಿಸ್ತೀಯಲ್ಲ, ನಿನ್ನ ಬಾಯಿಗೆ ಏನಾಗಿದೆ? ಬೇರೆಯವಳ ಹಿಂದೆ ಅವಿತುಕೊಂಡು ಎಷ್ಟು ದಿನ ಮಾತಾಡ್ತೀಯೇ?"

ಗಿಳಿ ಬಾಗಿಲ ಕಡೆ ನೋಡಿದಳು. ಮನೆಯ ಹೊಸ್ತಿಲು ಅಲ್ಲೇ ಇದ್ದಂತೆ ಅಣ್ಣ ನಿಂತಿದ್ದ.

ಅವಳು ಎದ್ದಳು. ಕ್ರೇಟಿನ ಮೇಲೆಯೇ ನಿಂತಳು.

"ನಾನು ಈ ಮೇಸ್ತ್ರಿನ ಮದುವೆ ಆಗಲ್ಲ."

ಅದು ಓದಿನ ದನಿ ಅಲ್ಲ. ಮತ್ತೆ ಹೇಳಿದಳು. "ಆಗಲ್ಲ. ಅಣ್ಣ ಕೊಟ್ಟ ಮಾತಿಗೆ ಅಣ್ಣನೇ ಹೋಗಿ ಸಂಸಾರ ಮಾಡಲಿ."

ಪ್ಯಾಕಿಂಗಿನ ಕಡೆಯಿಂದ ಯಾರೋ ಕಿಸಕ್ಕೆಂದರು.

"ಇಳಿ ಕೆಳಗೆ" ಎಂದ ಅಣ್ಣ. "ಮಾನ ಹರಾಜು ಹಾಕಿದ್ದು ಸಾಕು. ಮನೆಗೆ ಬರಬೇಡ ನೀನು. ಸತ್ತರೂ ಬರಬೇಡ."

"ನನ್ನ ರೂಮಲ್ಲಿ ಚಾಪೆ ಹಾಸೋಷ್ಟು ಜಾಗ ಇದೆ" ಎಂದಳು ಗರಗಸಜ್ಜಿ, ಹವಾಮಾನದ ಬಗ್ಗೆ ಹೇಳಿದಷ್ಟು ಸಲೀಸಾಗಿ. "ಗೊರಕೆ ಹೊಡೀತೀನಿ. ಅದನ್ನ ಈಗಲೇ ಹೇಳಿಬಿಡ್ತೀನಿ."

ಮೇಸ್ತ್ರಿ ಪುಸ್ತಕ ಕಿತ್ತುಕೊಂಡ. ಸಿಪ್ಪೆ ಹರಿದುಹೋಗುವ ಚರಂಡಿಗೆ ಎಸೆದ. ಬೂದು ನೀರು, ಸೀಗಡಿಯ ತಲೆಗಳು, ಮೀಸೆಗಳು. ಅವುಗಳ ನಡುವೆ ಪುಸ್ತಕ ಹೊಟ್ಟೆ ಬಿರಿದು ನಿಧಾನಕ್ಕೆ ಹೋಯಿತು. ಹೆಂಗಸರಲ್ಲಿ ಯಾರೂ ಅದರ ಹಿಂದೆ ಓಡಲಿಲ್ಲ.

"ಇವತ್ತಿಂದ ಓದು ಬಂದ್! ರಾಣಿ ಹಾಗೆ ಕೂತದ್ದು ಸಾಕು. ಇಳಿದು ಸುಲಿ. ನಿನ್ನ ಟಬ್ಬನ್ನ ನಾನೇ ನೋಡ್ತೀನಿ, ಒಂದೊಂದು ಸಿಪ್ಪೆನೂ ನೋಡ್ತೀನಿ."

ಗಿಳಿ ಇಳಿದಳು. ಎದುರಿನ ಟೇಬಲ್ಲಿಗೆ ಹೋದಳು. ಮೇಸ್ತ್ರಿಯ ಹೆಂಡತಿ ನಿಲ್ಲುತ್ತಿದ್ದ ಜಾಗ ಹೋದ ಚಳಿಗಾಲದಿಂದ ಖಾಲಿ ಇತ್ತು. ಅಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗಿರಲಿಲ್ಲ. ಅಲ್ಲಿ ನಿಂತು ಎರಡೂ ಕೈಗಳನ್ನು ಮೊಣಕೈಯವರೆಗೆ ಐಸಿನೊಳಗೆ ತೂರಿಸಿದಳು. ಚಳಿ ಮೂಳೆಗೆ ಕಚ್ಚಿತು. ಒಂದು ಮುಳ್ಳು ಆಗಲೇ ಉಗುರಿನ ಬುಡ ಹುಡುಕಿಕೊಂಡಿತು. ಕೈ ಹೊರಗೆ ತೆಗೆದು ಮೇಸ್ತ್ರಿಯ ಮುಖದೆದುರು ಹಿಡಿದಳು. ನೀರು ಅವನ ಇಸ್ತ್ರಿ ಅಂಗಿಯ ಮೇಲೆ ಸುರಿಯಿತು. ಅದರಲ್ಲಿ ಸ್ವಲ್ಪ ರಕ್ತವೂ ಇತ್ತು.

"ಒತ್ತಿ ನೋಡಿ" ಎಂದಳು. "ತಾಜಾ ಇದೆಯಾ? ನೋಡಿ ಮೇಸ್ತ್ರಿ. ಇದೂ ಹಿಂದಿನವಳ ಕೈಯೇ."

ಮೇಸ್ತ್ರಿ ಹಿಂದೆ ಸರಿದ. ಅಂಗಿ ಒರೆಸಿಕೊಳ್ಳುತ್ತಾ ತಕ್ಕಡಿಯ ಹತ್ತಿರ ಹೋಗಿ ನಿಂತ. "ಕೆಲಸ ನೋಡಿ ಎಲ್ಲರೂ!" ಎಂದು ಕೂಗಿದ.

ಕೆಲಸ ನೋಡಿದರು. ತಲೆ ಚಿವುಟಿದರು, ಸಿಪ್ಪೆ ಬಿಡಿಸಿದರು, ನರ ಎಳೆದರು. ಅಣ್ಣ ಐಸು ಇಳಿಸಿ ಹೋದ. ಗಿಳಿ ಸುಲಿಯುತ್ತಿದ್ದಳು. ಅಭ್ಯಾಸ ತಪ್ಪಿದ ಕೈ. ಒಂದು ಮುಗಿಸುವಷ್ಟರಲ್ಲಿ ಪಕ್ಕದವಳದು ನಾಲ್ಕಾಗುತ್ತಿತ್ತು. ಈ ವೇಗಕ್ಕೆ ಸಂಜೆ ತೂಕಕ್ಕೆ ಇಡಲು ಏನೂ ಇರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ತಕ್ಕಡಿಯ ಹತ್ತಿರ ನಿಂತವನಿಗೂ ಗೊತ್ತಿತ್ತು.

ಆಗ ಗರಗಸಜ್ಜಿ ಬಂದು ಅವಳ ಟಬ್ಬಿಗೆ ಒಂದು ಬೊಗಸೆ ಸುರಿದಳು.

"ಓದು" ಎಂದಳು.

"ಪುಸ್ತಕ ಎಲ್ಲಿದೆ ಅಜ್ಜಿ? ಚರಂಡಿಯಲ್ಲಿ ಹೋಯ್ತಲ್ಲ."

"ಗಡ್ಡದವನು ಹೋದ. ನಿನ್ನ ಬಾಯಿ ಹೋಯ್ತಾ?"

"ಓದು ಬಂದ್ ಅಂದೆ!" ಎಂದ ಮೇಸ್ತ್ರಿ.

"ಓದು ಎಲ್ಲಿದೆ ಮೇಸ್ತ್ರಿ?" ಗರಗಸಜ್ಜಿ ಖಾಲಿ ಕೈಗಳನ್ನು ಎತ್ತಿ ತೋರಿಸಿದಳು. "ನಾವು ನಾವೇ ಮಾತಾಡ್ತಿದೀವಿ. ಕೈ ಓಡ್ತಾನೇ ಇದೆ, ನೋಡಿ."

ಪಕ್ಕದವಳು ತನ್ನ ಬೊಗಸೆ ತಂದು ಸುರಿದಳು. ಅವಳ ಪಕ್ಕದವಳೂ. ಅಧ್ಯಾಯ ಇನ್ನೂ ಶುರುವಾಗಿರಲಿಲ್ಲ, ಬೊಗಸೆ ಮೊದಲೇ ಬಂದಿತ್ತು. ಹೀಗೆ ಹಿಂದೆಂದೂ ಆಗಿರಲಿಲ್ಲ.

ಗಿಳಿ ಕೈಯಲ್ಲಿದ್ದ ಸೀಗಡಿಯ ತಲೆ ಚಿವುಟಿದಳು. ಕಣ್ಣೆತ್ತಿ ತಕ್ಕಡಿಯ ಹತ್ತಿರ ನಿಂತವನನ್ನು ನೋಡಿದಳು. ನೋಡುತ್ತಲೇ, ಬಾಗಿಲಲ್ಲಿದ್ದ ಪ್ಯಾಕಿಂಗಿನವರಿಗೂ ಕೇಳಿಸುವಂತೆ, ಅದೇ ಓದಿನ ದನಿಯಲ್ಲಿ ಹೇಳತೊಡಗಿದಳು.

"ಒಬ್ಬ ಮೇಸ್ತ್ರಿ ಇದ್ದ. ಅವನಿಗೊಬ್ಬಳು ಹೆಂಡತಿ ಇದ್ದಳು. ಈಗ ನಾನು ನಿಂತಿರುವ ಜಾಗದಲ್ಲೇ ಅವಳು ನಿಲ್ಲುತ್ತಿದ್ದಳು..."